ಸೆಟೆದ ಮೈ

ಹಂದಿ ಸತ್ತದ್ದೇನೂ ದೊಡ್ಡ ಸಂಗತಿಯಲ್ಲ. ಬೇಸಿಗೆ ಕಾಲಿಟ್ಟರೆ ಹೆಸರಘಟ್ಟದ ಆ ಫಾರ್ಮಿನಲ್ಲಿ ತೂಕ ಹಾಕುವ ದಿನ ಒಂದಾದರೂ ಹೀಗೆ ಬೀಳುತ್ತಿತ್ತು. ಅಲ್ಲಿ ಹಂದಿ ತಳಿಗಳನ್ನು ಪರೀಕ್ಷಿಸುವ ಕಾಶಿನಾಥನಿಗೆ ಆ ಸಾವಿನ ಹೆಸರೂ ಗೊತ್ತು, ಕಾರಣವೂ ಗೊತ್ತು. ಹಂದಿಗಳ ಸಾವಿನ ಮೇಲೆಯೇ ಇವನ ಡಾಕ್ಟರೇಟು ನಿಂತಿದೆ ಎಂದು ಜೊತೆಯವರು ಬೆನ್ನ ಹಿಂದೆಯೂ ಎದುರಿಗೂ ನಗುತ್ತಾರೆ. ತೂಕದ ಕಟ್ಟೆ ಹತ್ತಿಸಲು ಅಟ್ಟಿದಾಗ ಆ ಗಂಡುಹಂದಿ ಒಮ್ಮೆ ಹಿಂದಕ್ಕೆ ನೋಡಿತು, ಬಾಲ ನಡುಗಿತು, ಬಿಳಿ ಚರ್ಮದ ಮೇಲೆ ಕೆಂಪು ಮಚ್ಚೆಗಳೆದ್ದವು, ಬಾಯಿ ತೆರೆದು ಗಾಳಿಗಾಗಿ ಎಳೆದಾಡುತ್ತ ಪಕ್ಕಕ್ಕೆ ಒರಗಿತು. ಯಾರೂ ಹೊಡೆದಿರಲಿಲ್ಲ, ಬೈದೂ ಇರಲಿಲ್ಲ. ಒಳ್ಳೆಯ ಮೈಕಟ್ಟಿನ ಪ್ರಾಣಿ, ತೊಡೆ ತುಂಬಿಕೊಂಡು, ಕೊಬ್ಬು ಕಡಿಮೆ, ನೋಡಿದವರು ಸೈ ಎನ್ನಬೇಕು. ಹಾಗೆ ಸೈ ಎನ್ನಿಸಿಕೊಳ್ಳುವ ಗುಣವೇ ಅದನ್ನು ಕೊಂದಿತ್ತು. ಫಾರ್ಮಿನಲ್ಲಿ ಹಂದಿಗಳನ್ನು ನೋಡಿಕೊಳ್ಳುವ ಆಂಜಿನಪ್ಪ ತಳ್ಳುಗಾಡಿ ತಂದ. ಪಕ್ಕದ ಹಳ್ಳಿಯವನು, ಬಾಯಿಗೆ ಬೀಗವಿಲ್ಲದವನು. ಗಾಡಿ ಚಿಕ್ಕದು, ಹಂದಿ ದೊಡ್ಡದು. ಕಾಲು ಮಡಿಸಿ ತುರುಕಲು ನೋಡಿ ಸೋತು ನಿಂತ.

"ಇದೇನ್ ಸಾ, ಮೈ ಇನ್ನೂ ಸುಡ್ತಾ ಐತೆ, ಆಗ್ಲೇ ಕಟ್ಟಿಗೆ ಆಗೋಯ್ತು ಈ ಅಂದಿ. ಕಾಲ್ ಮಡ್ಸಕ್ಕೇ ಆಯ್ತಿಲ್ಲ."

ಕಾಶಿನಾಥ ಬಗ್ಗಿ ಮುಟ್ಟಿದ. ರೊಟ್ಟಿ ಬೇಯಿಸುವ ಹೆಂಚಿನ ಬಿಸಿ. ಹಿಂಗಾಲು ಹಿಡಿದು ಒತ್ತಿದ, ಅದು ಮಣಿಯಲಿಲ್ಲ. ಇಂಥ ನೂರು ಕಾಲು ಅವನು ಹಿಡಿದಿದ್ದ. ಆದರೆ ಇವತ್ತು, ಯಾಕೋ, ಒತ್ತುತ್ತಿರುವಾಗಲೇ ಕಿವಿಯಲ್ಲಿ ಬೇರೆ ದನಿ ಕೇಳಿಸಿತು. ಮಡಚ್ರೋ, ಮಣಕಾಲ ಮಡಚ್ರೋ, ಇನ್ನೊಬ್ಬರು ಬರ್ರಿ ಈ ಕಡಿಂದ. ಘಟಪ್ರಭೆಯ ದಂಡೆಯ ಊರಿನ ಮನೆಯಂಗಳ, ಗಂಡಸರ ಬೆನ್ನುಗಳು, ಆ ಬೆನ್ನುಗಳ ಸಂದಿಯಲ್ಲಿ ಅಪ್ಪನ ಪಾದ. ಕಾಶಿನಾಥ ಥಟ್ಟನೆ ಕೈ ತೆಗೆದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಆಂಜಿನಪ್ಪ ಅವನ ಮುಖ ನೋಡಿ, "ಯಾಕ್ ಸಾ, ಬಿಸ್ಲಾ? ನೀರ್ ತರ್ಲಾ?" ಎಂದ. ಬೇಡವೆಂದು ಕೈಯಾಡಿಸಿ ಕೋಣೆಗೆ ನಡೆದ.

ಕೋಣೆಯಲ್ಲಿ ಕುಳಿತರೆ ಕೂರಲಾಗಲಿಲ್ಲ. ಸತ್ತ ಹಂದಿಯ ಕಿವಿಯ ಚೂರನ್ನು ಪರೀಕ್ಷೆಗೆ ಕಳಿಸಬೇಕು, ಬೆನ್ನಿನ ಪಟ್ಟೆಮಾಂಸದ ತುಂಡು ತೆಗೆದು ಅದರ ಹುಳಿಯಂಶ ಅಳೆಯಬೇಕು, ಚೀಲದಲ್ಲಿ ತೂಗುಹಾಕಿ ಎಷ್ಟು ನೀರು ಬಿಡುತ್ತದೆ ನೋಡಬೇಕು. ನೋಡದೆಯೂ ಹೇಳಬಲ್ಲ: ಬಿಳಿಚಿಕೊಂಡಿರುತ್ತದೆ, ಮೆತ್ತಗಿರುತ್ತದೆ, ಬಾಣಲೆಗೆ ಹಾಕಿದರೆ ಅರ್ಧಕ್ಕರ್ಧ ನೀರಾಗಿ ಹೋಗುತ್ತದೆ. ಯಶವಂತಪುರದ ಮಾಂಸದಂಗಡಿಯವನು ಹೋದ ತಿಂಗಳು ಒಂದು ತುಂಡನ್ನು ಮೇಜಿನ ಮೇಲೆ ಎಸೆದು, "ಏನ್ ಸಾರ್, ಹಂದೀನಾ ಸ್ಪಂಜಾ?" ಎಂದು ಕೇಳಿದ್ದ; ಜನ್ಮದಲ್ಲಿ ಮಾಂಸ ಬಾಯಿಗಿಡದ ಕಾಶಿನಾಥ ಅದನ್ನು ಬೆರಳಲ್ಲಿ ಒತ್ತಿ ನೋಡಿ, ಹೌದು ಸ್ಪಂಜೇ ಎಂದು ಒಪ್ಪಿಕೊಂಡಿದ್ದ. ಒಂದೇ ಒಂದು ಜೀನಿನ ವ್ಯತ್ಯಾಸ. ತಾಯಿಯಿಂದಲೋ ತಂದೆಯಿಂದಲೋ ಒಂದು ಪ್ರತಿ ಬಂದರೆ ಮೈ ತುಂಬುತ್ತದೆ, ಕೊಬ್ಬು ಇಳಿಯುತ್ತದೆ, ಬೆಲೆ ಏರುತ್ತದೆ. ಇಬ್ಬರಿಂದಲೂ ಬಂದರೆ ಹೆದರಿಕೆಯೊಂದೇ ಸಾಕು, ಸ್ನಾಯುಗಳು ಹಿಡಿದುಕೊಂಡು ಬಿಡುವುದನ್ನು ಮರೆಯುತ್ತವೆ, ಮೈ ಒಳಗಿಂದ ಬೇಯುತ್ತದೆ. ನಮ್ಮ ನಾಟಿ ಕರಿಹಂದಿಗೆ ಈ ಕಾಟ ಕಾಣೆ. ಚಂದದ ಆಸೆಗೆ ಹೊರಗಿನ ತಳಿ ತಂದವರಿಗೆ ಚಂದದ ಜೊತೆಗೇ ಇದೂ ಬಂತು. ಪ್ರತಿವರ್ಷ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತಿದ್ದ. ಗಂಟೆ ಹೊಡೆದು ಅವರೆಲ್ಲ ಚೀಲ ಮುಚ್ಚುತ್ತಿರುವಾಗ, ಪಾಠಕ್ಕೊಂದು ಬಾಲ ಅಂಟಿಸುವಂತೆ, "ಇದೇ ಜೀನು ಮನುಷ್ಯರಲ್ಲೂ ಕೆಡಬಹುದು. ಅವರಿಗೆ ಹೆದರಿಕೆಯಿಂದಲ್ಲ, ಅರಿವಳಿಕೆಯ ಗಾಳಿಯಿಂದ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೂ ಸಾಕು" ಎನ್ನುತ್ತಿದ್ದ. ಇಷ್ಟು ವರ್ಷ ಅನ್ನುತ್ತಲೇ ಬಂದಿದ್ದ. ಆ ಮಾತು ಆಡುವ ಬಾಯಿ ಯಾರ ಮಗನದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಫೋನು ನಡುಗಿತು. ಹೆಂಡತಿ ಪದ್ಮಶ್ರೀ, ಸೋಲದೇವನಹಳ್ಳಿಯ ಕಾಲೇಜಿನ ಆಫೀಸಿನಿಂದ. "ಮೂರು ಗಂಟೆಗೆ ಮರೀಬ್ಯಾಡ್ರಿ ಮತ್ತ. ನನಗ ರಜಾ ನಾಳಿದಷ್ಟ ಕೊಟ್ಟಾರ. ಅರಿವಳಿಕಿ ಡಾಕ್ಟರ್ ಇವತ್ತ ಕೀರ್ತಿನ್ನ ನೋಡಿದ್ರನ ನಾಳೆ ಮುಂಜಾನಿ ಆಪರೇಶನ್ ಅಂತ. ಅತ್ತಿನೂ ಬರ್ತೀನಿ ಅಂದ್ರು, ಕರಕೊಂಡ ಹೋಗ್ರಿ." ಅವನು ಹೂಂ ಎಂದ. ಟಾನ್ಸಿಲ್ಲು. ಊದಿಕೊಂಡು ಊದಿಕೊಂಡು ಮಗಳು ರಾತ್ರಿ ಉಸಿರಿಗೆ ಒದ್ದಾಡುತ್ತಿದ್ದಳು. ತೆಗೆಸಿಬಿಡಿ, ಹತ್ತು ನಿಮಿಷದ ಕೆಲಸ ಎಂದಿದ್ದರು. "ಯಾಕ್ರೀ, ದನಿ ಹಂಗ್ಯಾಕ?" ಎಂದಳು ಪದ್ಮಶ್ರೀ. "ಏನಿಲ್ಲ, ಒಂದು ಹಂದಿ ಸತ್ತಿತು" ಎಂದ. "ಅಯ್ಯ, ನಾ ಎಲ್ಲಿ ಏನಾತೋ ಅಂದ್ಕೊಂಡೆ" ಎಂದು ನಕ್ಕು ಫೋನಿಟ್ಟಳು.

ಫಾರ್ಮಿನ ಹಿಂದಿನ ಬಚ್ಚಲಿನಲ್ಲಿ ಮೈ ತಿಕ್ಕಿ ತಿಕ್ಕಿ ತೊಳೆದು ಬೇರೆ ಬಟ್ಟೆ ಹಾಕಿಕೊಂಡ. ಇದು ದಿನದ ರೂಢಿ. ಅವ್ವ ಪಾರವ್ವ ಊರಿನಿಂದ ಬಂದು ಮತ್ತಿಕೆರೆಯ ಬಾಡಿಗೆ ಮನೆಯಲ್ಲಿ ಇರತೊಡಗಿದಾಗಿನಿಂದ ಇನ್ನಷ್ಟು ಗಟ್ಟಿಯಾದ ರೂಢಿ. ಮಗ ದನದ ಡಾಕ್ಟರು, ಹೆಸರಘಟ್ಟದಲ್ಲಿ ಸರ್ಕಾರಿ ಆಕಳು ಎಮ್ಮೆ ನೋಡುತ್ತಾನೆ ಎಂದು ಅವಳು ನಂಬಿದ್ದಳು. ಅವನೇ ಹೇಳಿದ್ದು. ಕೆಲಸ ಸಿಕ್ಕ ಹೊಸದರಲ್ಲಿ ಹಂದಿ ಎಂಬ ಮಾತು ನಾಲಿಗೆ ದಾಟಲಿಲ್ಲ, ಆಕಳು ಎಂದುಬಿಟ್ಟ. ಆಮೇಲೆ ಆಕಳಿಗೆ ಎಮ್ಮೆ ಸೇರಿತು, ಎಮ್ಮೆಗೆ ಕರು ಹುಟ್ಟಿತು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಈರುಳ್ಳಿ ಹೆಚ್ಚಾದರೂ ಮೂಗು ಮುರಿಯುವ ಅವ್ವ. ಅವಳಿಗೆ ಏನೆಂದು ಹೇಳುವುದು? ಮನೆಗೆ ಬಂದ ಮಗನ ಬುಶರ್ಟನ್ನು ಅವಳು ಮಡಿಸಿಡುವಾಗಲೆಲ್ಲ ಅವನು ಬಚ್ಚಲಿಗೆ ಹೋಗಿ ಮತ್ತೊಮ್ಮೆ ಕೈ ತೊಳೆಯುತ್ತಿದ್ದ.

ಹೆಸರಘಟ್ಟ ರಸ್ತೆಯಲ್ಲಿ ಕಾರು ನಡೆಸುತ್ತ ಲೆಕ್ಕ ಹಾಕಿದ. ಅಪ್ಪನಿಗೆ ಆ ಕೆಟ್ಟ ಜೀನು ಇದ್ದರೆ ತನಗೆ ಇರುವ ಸಾಧ್ಯತೆ ಅರ್ಧ. ತನಗಿದ್ದರೆ ಕೀರ್ತಿಗೆ ಅರ್ಧ. ಅರ್ಧದಲ್ಲಿ ಅರ್ಧ, ಅಷ್ಟೇನೂ ಅಲ್ಲ. ಅಪ್ಪನಿಗೆ ಇತ್ತೆಂದು ತಾನೆ ಯಾರು ಹೇಳಿದರು? ತನಗೆ ಈವರೆಗೆ ಒಂದು ಹಲ್ಲು ಕೀಳಿಸಿದ್ದು ಬಿಟ್ಟರೆ ಕತ್ತರಿ ಸೋಕಿಲ್ಲ, ಆದ್ದರಿಂದ ತನ್ನ ಮೈ ಏನನ್ನೂ ಹೇಳುವುದಿಲ್ಲ. ಹಿಂದಿನ ಲಾರಿಯವನು ಹಾರ್ನು ಒತ್ತಿದ. ಸಿಗ್ನಲ್ ಹಸಿರಾಗಿ ಎಷ್ಟು ಹೊತ್ತಾಗಿತ್ತೋ. ಶಿವಪುತ್ರ ಮಾಸ್ತರ, ಅವನ ಅಪ್ಪ, ಹೊಟ್ಟೆನೋವೆಂದು ಟೆಂಪೋ ಹತ್ತಿದವರು. ಅಪೆಂಡಿಕ್ಸ್ ಎಂಬ ಮಾತನ್ನು ಕಾಶಿನಾಥ ಮೊದಲು ಕೇಳಿದ್ದು ಆವತ್ತು. ಆಪರೇಶನ್ನಿಗೆಂದು ಒಳಗೆ ಹೋದವರನ್ನು ಸಂಜೆಗೆ ಅದೇ ಟೆಂಪೋದಲ್ಲಿ ಕಂಬಳಿ ಹೊದಿಸಿ ತಂದರು. ದವಾಖಾನೆ ಬಹಳ ದೂರವಿರಲಿಲ್ಲ, ಮೈ ಇನ್ನೂ ಆರಿರಲಿಲ್ಲ. ಗೋಡೆಗೆ ಆನಿಸಿ ಕೂರಿಸಬೇಕು, ಚಕ್ಕಂಬಕ್ಕಳ ಹಾಕಿಸಬೇಕು, ವಿಭೂತಿ ಬಳಿದು ಹೂವು ಏರಿಸಬೇಕು. ಅವರ ಮನೆತನದಲ್ಲಿ ಸತ್ತವರು ಮಲಗಿ ಹೋಗುವುದಿಲ್ಲ, ಕೂತು ಹೋಗುತ್ತಾರೆ. ಅಪ್ಪ ಕೂರಲಿಲ್ಲ. ಬಿಸಿನೀರು ಹಾಕಿದರು, ಎಣ್ಣೆ ತಿಕ್ಕಿದರು, ನಾಲ್ಕು ಜನ ಮಂಡಿಯ ಮೇಲೆ ಭಾರ ಬಿಟ್ಟರು. ತಣ್ಣಗಾದ ಮೈ ಸೆಟೆಯುವುದು ಎಲ್ಲರಿಗೂ ಗೊತ್ತು, ಬೆಚ್ಚಗಿನ ಮೈ ಸೆಟೆದದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಮುಖ ತಿರುಗಿಸಿ ನಿಂತರು. ಪುಣ್ಯವಂತರ ಮೈ ಹೂವಿನಂಗ ಕುಂದ್ರತೈತಿ, ಈ ಮನ್ಯಾಗ ಏನ್ ತಪ್ಪಿತ್ತೋ ಎಂದು ಹಿಂದೆ ಯಾರೋ ಅಂದರು. ಕಡೆಗೆ ಅಂಗಾತ ಮಲಗಿಸಿಯೇ ಮಣ್ಣು ಮಾಡಿದರು. ಕಾಶಿನಾಥನಿಗಾಗ ನಾಚಿಕೆಯಾಗಿತ್ತು. ಅಪ್ಪ ಸತ್ತದ್ದಕ್ಕೆ ಅಳುವ ಬದಲು ಅಪ್ಪ ಕೂರಲಿಲ್ಲವೆಂದು ನಾಚಿಕೊಂಡಿದ್ದ. ಶಾಲೆಯಲ್ಲಿ ಹುಡುಗರು ಕಾಲು ಸೆಟೆಸಿ ಬಿದ್ದು ತೋರಿಸಿ ನಗುತ್ತಿದ್ದರು. ದೊಡ್ಡವನಾದ ಮೇಲೆ ಆ ಅಂಗಳದತ್ತ ಅವನ ಮನಸ್ಸು ತಲೆಹಾಕಿಯೂ ಮಲಗಿರಲಿಲ್ಲ. ಪದ್ಮಶ್ರೀಯ ಮನೆಯವರಿಗೆ, ಬೀಗರಿಗೆ, ಎಲ್ಲರಿಗೂ ಒಂದೇ ಮಾತು: ಮಾಸ್ತರು ಎದೆ ನಿಂತು ಮನೆಯಲ್ಲೇ ಹೋದರು.

ಮತ್ತಿಕೆರೆಯ ಮನೆಯ ಮೆಟ್ಟಿಲ ಬುಡದಲ್ಲಿ ಮಾಲೀಕ ವೆಂಕಟರಾಮಯ್ಯ ಕುರ್ಚಿ ಹಾಕಿಕೊಂಡಿದ್ದರು. ಹಳೆಯ ಊರಿನ ಗೌಡರ ಪೈಕಿ. ರಾಗಿ ಬೆಳೆದ ಹೊಲದ ಮೇಲೆ ಈಗ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳನ್ನು ಬೆಳೆಯುತ್ತಿದ್ದರು. ಇವನ ಕೆಲಸದ ಗುಟ್ಟು ಹೇಗೋ ಅವರಿಗೆ ಸಿಕ್ಕಿತ್ತು. ಅದನ್ನು ಯಾರಿಗೂ ಹೇಳದೆ, ಹೇಳುವೆನೆಂಬ ಹೆದರಿಕೆಯನ್ನಷ್ಟೇ ಇವನಿಗೆ ಉಳಿಸಿದ್ದರು.

"ಏನ್ ಸಾರ್, ಇಷ್ಟ್ ಬೇಗ? ನಿಮ್ ಫಾರ್ಮಲ್ಲಿ ಒಳ್ಳೆ ಮಾಲು ಇದ್ರೆ ಒಂದ್ಸಲ ಹೇಳಿ ಅಂತ ಎಷ್ಟ್ ದಿನದಿಂದ ಕೇಳ್ತಿದೀನಿ. ನಮ್ ಮನೇಲಿ ಹಬ್ಬಕ್ಕೆ ಬೇಕಾಗಿತ್ತು ಕಣ್ರೀ."

"ಮೆಲ್ಲಗೆ ಸಾರ್, ಅಮ್ಮ ಮೇಲಿದ್ದಾರೆ."

"ಅಯ್ಯೋ ನಾನೇನ್ ಅಂದೆ? ಮಾಲು ಅಂದೆ. ಹಾಲಿನ ಮಾಲೂ ಮಾಲೇ ಅಲ್ವೇ?" ಎಂದು ಹೊಟ್ಟೆ ಕುಣಿಸಿ ನಕ್ಕರು. ಕಾಶಿನಾಥನೂ ನಕ್ಕ. ನಗುತ್ತಿರುವ ತನ್ನನ್ನು ಕಂಡು ಅವನಿಗೇ ಹೇಸಿಗೆಯಾಯಿತು.

ಮೇಲೆ ಪಾರವ್ವ ಇಳಕಲ್ ಸೀರೆಯುಟ್ಟು ಸಿದ್ಧಳಾಗಿ ಕೂತಿದ್ದಳು. ಕೀರ್ತಿ ಅಜ್ಜಿಯ ತೊಡೆಯ ಮೇಲೆ ಕಾಲು ಚಾಚಿ ಫೋನು ನೋಡುತ್ತಿದ್ದಳು. ಅವನು ಆ ಕಾಲುಗಳನ್ನೇ ನೋಡಿದ. ತುಂಬಿಕೊಂಡ ಮೀನಖಂಡ, ಓಟದಲ್ಲಿ ಶಾಲೆಗೇ ಮೊದಲು, ಯಾರು ನೋಡಿದರೂ ಎಂಥ ಗಟ್ಟಿ ಹುಡುಗಿ ಅನ್ನಬೇಕು. ಹಾಗೆ ನೋಡುತ್ತಿರುವುದು ತನ್ನ ಕಣ್ಣಲ್ಲ, ತೂಕದ ಕಟ್ಟೆಯ ಬಳಿ ನಿಲ್ಲುವ ಕಣ್ಣು ಎಂದು ತಿಳಿದದ್ದೇ ಸಂಕಟವಾಗಿ ಮುಖ ಆಚೆ ಮಾಡಿದ.

"ಅಪ್ಪಾ, ಆಪರೇಶನ್ ಆದ್ಮೇಲೆ ಎಷ್ಟ್ ಬೇಕಾದ್ರೂ ಐಸ್‌ಕ್ರೀಮ್ ತಿನ್ಬಹುದಂತೆ. ಪ್ರಾಮಿಸ್?"

"ಯಾಕಪಾ ಕಾಶಿ, ಮಾರಿ ಇಷ್ಟ ಯಾಕ ಬಾಡೇತಿ? ಉಂಡಿ ಇಲ್ಲೋ?" ಎಂದಳು ಪಾರವ್ವ. ಉಂಡೆ ಎಂದ. ಹಸಿವೆಯೂ ಸುಳ್ಳು ಹೇಳುವಷ್ಟು ಪಳಗಿತ್ತು. ಈಗಲೇ ಕೇಳಲೇ, ದವಾಖಾನೆಯಲ್ಲಿ ಅಪ್ಪನಿಗೆ ಏನಾಯಿತು ಎಂದು? ಆವತ್ತು ಅಲ್ಲಿದ್ದವರಲ್ಲಿ ಉಳಿದವಳು ಅವಳೊಬ್ಬಳೇ. ಜೊತೆಗೆ ಹೋದ ಸೋದರಮಾವ ತೀರಿಹೋಗಿ ವರುಷಗಳಾದವು. ಅವಳು ಆ ದಿನದ ಬಗ್ಗೆ ಒಂದು ಮಾತನ್ನೂ ಯಾವತ್ತೂ ಆಡಿರಲಿಲ್ಲ, ಆಡಿಸಲು ಹೋದವರ ಎದುರಿನಿಂದ ಎದ್ದು ಹೋಗುತ್ತಿದ್ದಳು. "ನಡೀರಿ, ಹೊತ್ತಾತು" ಎಂದ.

ಆರ್.ಟಿ. ನಗರದ ಆ ನರ್ಸಿಂಗ್ ಹೋಮಿನ ಮೊದಲನೇ ಮಹಡಿಯಲ್ಲಿ ಅರಿವಳಿಕೆಯ ಡಾಕ್ಟರು ಮಂಜುಶ್ರೀ ಕೂತಿದ್ದರು. ಇನ್ನೂ ಚಿಕ್ಕ ವಯಸ್ಸು, ಚುರುಕು ಮಾತು. ಕೀರ್ತಿಯ ಬಾಯಿ ತೆರೆಸಿ ನೋಡಿ, ಎದೆ ಕೇಳಿ, ತೂಕ ಹಾಕಿಸಿ, ನಾಳೆ ಬೆಳಿಗ್ಗೆ ನೀರೂ ಕುಡಿಯಬಾರದೆಂದು ಹೇಳಿದರು. ತೂಕದ ಯಂತ್ರ ಹತ್ತುವಾಗ ಕೀರ್ತಿ ಒಮ್ಮೆ ಹಿಂದಕ್ಕೆ ಅವನತ್ತ ನೋಡಿದಳು. ಡಾಕ್ಟರು ಪೆನ್ನು ಹಿಡಿದು ಪಾರವ್ವನ ಕಡೆ ತಿರುಗಿ ನಕ್ಕರು.

"ಅಜ್ಜಿ, ನಿಮ್ ಮನೇಲಿ ಯಾರಿಗಾದ್ರೂ ಆಪರೇಶನ್ ಟೈಮಲ್ಲಿ, ಮತ್ತು ಬರೋ ಔಷಧಿ ಕೊಟ್ಟಾಗ, ಏನಾದ್ರೂ ತೊಂದ್ರೆ ಆಗಿತ್ತಾ?"

"ಯಾರಿಗೂ ಏನಿಲ್ಲವ್ವ" ಎಂದಳು ಪಾರವ್ವ, ಪ್ರಶ್ನೆ ಮುಗಿಯುವ ಮೊದಲೇ.

"ತಾತ ಇದಾರಾ?"

"ಇಲ್ಲ. ಎದಿ ನಿಂತು ಮನ್ಯಾಗ ಹೋದ್ರು."

ಡಾಕ್ಟರು ಕಾಶಿನಾಥನನ್ನು ನೋಡಿದರು. ಅವನು ತಲೆಯಾಡಿಸಿದನೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಅವರು ಏನೋ ಗುರುತು ಹಾಕಿಕೊಂಡು ಮುಂದಕ್ಕೆ ಹೋದರು. ಎರಡು ನಿಮಿಷದಲ್ಲಿ ಮೂವರೂ ಹೊರಗಿನ ಬೆಂಚಿನ ಮೇಲಿದ್ದರು. ಮುಂದಿನವರು ಒಳಗೆ ಹೋದರು. ನರ್ಸು ಕೀರ್ತಿಯನ್ನು ರಕ್ತ ತೆಗೆಸಲು ಕರೆದುಕೊಂಡು ಕೆಳಗೆ ಹೋದಳು. ಆಮೇಲೆ ಒಬ್ಬನೇ ಬಂದು ಹೇಳಿದರಾಯಿತು ಎಂದು ಕಾಶಿನಾಥ ತನಗೆ ತಾನೇ ಹೇಳಿಕೊಂಡ. ಏನೆಂದು ಹೇಳುವುದು? ಅಪ್ಪನ ಕಾಲು ಮಡಚಲಿಲ್ಲ ಎಂದೇ? ಅದು ಸತ್ತ ಮೇಲಿನ ಮಾತು. ಬದುಕಿದ್ದಾಗ ದವಡೆ ಕಚ್ಚಿಕೊಂಡಿತ್ತೇ, ಮೈ ಕಾದಿತ್ತೇ, ಮೂಗಿಗೆ ಗಾಳಿ ಕೊಟ್ಟಿದ್ದರೇ ಎಂದು ಅವರು ಕೇಳುತ್ತಾರೆ. ಬಲ್ಲವಳು ಇಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತ ಕೂತಿದ್ದಾಳೆ. ಅವಳನ್ನು ಕೇಳಿದರೆ, ನಿನಗ್ಯಾಕ ಬಂತು ಈ ವಿಚಾರ ಅನ್ನುತ್ತಾಳೆ. ಹಂದಿಯಿಂದ ಬಂತು ಅನ್ನಬೇಕು. ನಿನ್ನ ಗಂಡನ ರಕ್ತದಲ್ಲಿ, ನನ್ನ ರಕ್ತದಲ್ಲಿ, ನಿನ್ನ ಮೊಮ್ಮಗಳ ರಕ್ತದಲ್ಲಿ ಹಂದಿಯ ದೋಷವೇ ಇದೆ ಅನ್ನಬೇಕು. ವಿಜ್ಞಾನ ಓದಿದವನಿಗೆ ಇದರಲ್ಲಿ ಅವಮಾನವೇನಿದೆ ಎಂದು ಕೇಳಿಕೊಂಡ. ಅವಮಾನ ಇತ್ತು, ಕೆನ್ನೆ ಸುಡುತ್ತಿತ್ತು. ಮಗಳ ಜೀವ ತಕ್ಕಡಿಯ ಒಂದು ತಟ್ಟೆಯಲ್ಲಿ, ತನ್ನ ಮರ್ಯಾದೆ ಇನ್ನೊಂದರಲ್ಲಿ, ಮುಳ್ಳು ಇನ್ನೂ ಅಲ್ಲಾಡುತ್ತಿದೆಯಲ್ಲ ಎಂದು ಅವನಿಗೆ ತನ್ನ ಮೇಲೆಯೇ ಭಯವಾಯಿತು. ಕೆಳಗಿನ ಮಹಡಿಯಲ್ಲಿ ಸೂಜಿ ಚುಚ್ಚಿದ್ದಕ್ಕೆ ಕೀರ್ತಿ ಅಮ್ಮಾ ಎಂದು ಕಿರುಚಿದ್ದು ಕೇಳಿಸಿತು. ಅವನು ಎದ್ದು, ಒಳಗೆ ಬೇರೆ ರೋಗಿ ಇರುವಾಗಲೇ ಬಾಗಿಲು ನೂಕಿದ.

"ಮೇಡಂ, ಆಗ ಹೇಳಿದ್ದು ಸುಳ್ಳು. ನಮ್ಮ ತಂದೆ ಆಪರೇಶನ್ ಟೇಬಲ್ ಮೇಲೇ ತೀರ್ಕೊಂಡ್ರು. ಮೆಲಿಗ್ನೆಂಟ್ ಹೈಪರ್‌ಥರ್ಮಿಯಾ ಅಂತ ನನ್ನ ಅನುಮಾನ."

ಡಾಕ್ಟರ ಮುಖದ ಚುರುಕು ಇಳಿದು ಬೇರೆಯೇ ಗಮನ ಬಂತು. ಒಳಗಿದ್ದವರನ್ನು ಹೊರಗೆ ಕೂರಿಸಿ ಇವನನ್ನು ಕರೆದರು. "ನಿಮಗೆ ಆ ಹೆಸರು ಹೇಗೆ ಗೊತ್ತು? ನೀವೂ ಡಾಕ್ಟ್ರಾ?"

ಪಾರವ್ವ ಬಾಗಿಲಲ್ಲಿ ನಿಂತಿದ್ದಳು. ಮಗ ಹೀಗೆ ನುಗ್ಗಿದ್ದು ನೋಡಿ ಹಿಂದೆಯೇ ಬಂದಿದ್ದಳು. ಕಾಶಿನಾಥ ಅವಳ ಕಡೆ ತಿರುಗಿಯೇ ಹೇಳಿದ.

"ಯವ್ವಾ, ನಾ ಆಕಳ ಡಾಕ್ಟರ್ ಅಲ್ಲ. ನನ್ನ ಕೆಲಸ ಹಂದಿದು. ಮೊದಲಿಂದಲೂ ಹಂದಿದ. ಯಾವ ಹಂದಿ ಮಾಂಸ ಚಲೋ ಇರತೈತಿ, ಯಾವುದು ಕೆಡತೈತಿ, ಅದು ಹುಟ್ಟಿನಿಂದ ಹ್ಯಾಂಗ ಬರತೈತಿ ನೋಡೋದು ನನ್ನ ಕೆಲಸ. ಅಪ್ಪಗ ಆದದ್ದು ಅವಕ್ಕೂ ಆಗತೈತಿ. ಕೀರ್ತಿಗೂ ಆಗಬಹುದು. ನೀ ಹೇಳದಿದ್ರ ಇವರಿಗೆ ಗೊತ್ತಾಗಂಗಿಲ್ಲ."

ಡಾಕ್ಟರು ಅಷ್ಟರಲ್ಲಿ ಸರ್ಜನ್‌ಗೆ ಫೋನು ಮಾಡಿ ನಾಳಿನ ಆಪರೇಶನ್ ಇಲ್ಲಿ ಬೇಡವೆಂದು ಹೇಳಿ, ಇವನಿಗೆ ವಿವರಿಸಿದರು: ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಗಾಳಿಯ ಔಷಧ ಬಿಟ್ಟು ಬರೀ ರಕ್ತನಾಳಕ್ಕೆ ಕೊಡುವ ಔಷಧದಲ್ಲಿ ಮಾಡಿಸಬಹುದು, ನಿಮ್ಮದೂ ಮಗಳದೂ ರಕ್ತದ ಪರೀಕ್ಷೆ ಆಗಲಿ, ಗಾಬರಿ ಬೇಡ. "ಆದ್ರೆ ತಾತನಿಗೆ ಏನಾಯ್ತು ಅಂತ ಅಜ್ಜಿ ನೆನಪಿರೋಷ್ಟು ಹೇಳ್ಬೇಕು. ಆ ಆಸ್ಪತ್ರೆಯವರಿಗೆ ಅದೇ ಮುಖ್ಯ." ಕಾಶಿನಾಥ ಅವ್ವ ಮೂಗಿಗೆ ಸೆರಗು ಹಿಡಿಯುವುದನ್ನು ಕಾಯುತ್ತಿದ್ದ. ಎದ್ದು ಹೋಗುತ್ತಾಳೆ ಎಂದುಕೊಂಡಿದ್ದ. ಅವಳು ಬಂದು ಕುರ್ಚಿಯಲ್ಲಿ ಕೂತಳು.

"ಹಂದಿಗೂ ಮೈ ಸುಡತೈತೇನು?"

"ಸುಡತೈತಿ."

"ಬಿಸಿ ಇದ್ದಾಗನ ಸೆಟಿತೈತಿ? ಕಾಲು ಮಡಚಂಗಿಲ್ಲ?"

"ಮಡಚಂಗಿಲ್ಲ ಯವ್ವಾ. ಇವತ್ತ ಮುಂಜಾನಿ ನಾನ ನೋಡೇನಿ."

"ಮೂಕ ಪ್ರಾಣಿ" ಎಂದಳು ಪಾರವ್ವ. "ಅದೇನ್ ನೇಮ ಕೆಡಿಸಿರತೈತಿ, ಪಾಪ?"

ಅದು ಯಾವ ನೇಮದ ಮಾತೆಂದು ಅವನಿಗೆ ತಿಳಿಯಲಿಲ್ಲ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವನಿಗಲ್ಲ, ಡಾಕ್ಟರಿಗೂ ಅಲ್ಲ, ಎದುರಿನ ಗೋಡೆಗೆ ಹೇಳುವಂತೆ ಹೇಳಿದಳು.

"ಆವತ್ತ ದವಾಖಾನಿ ಮೆಟ್ಟಲ ಮ್ಯಾಲ ಕುಂತು ನಾ ಒಂದು ಬನ್ ತಿಂದ್ನಿ. ಜಳಕ ಇಲ್ಲ, ಲಿಂಗಪೂಜಿ ಇಲ್ಲ. ಹೊಟ್ಯಾಗ ನಿನ್ನ ತಂಗಿ ಇದ್ಲು, ಕಣ್ಣಿಗೆ ಕತ್ತಲಿ ಬರಾಕತ್ತಿತ್ತು, ತಡಕೊಳ್ಳಾಕ ಆಗಲಿಲ್ಲ. ತಿಂದು ಕೈ ತೊಳಿಯೂದ್ರಾಗ ಒಳಗಿಂದ ಓಡಿ ಬಂದ್ರು. ಆಮ್ಯಾಲ ಊರಾಗ ಅವರು ಕುಂದ್ರಲಿಲ್ಲ. ಅಯ್ಯನವರು ನನ್ನ ಕಡೆ ನೋಡಿದ್ರು. ನಾ ತಿಂದದ್ದಕ್ಕನ ಅವರು ಕುಂದ್ರಲಿಲ್ಲ ಅಂತ ತಿಳಕೊಂಡೇನಿ. ಇಲ್ಲೀತನಕ ಹಂಗ ತಿಳಕೊಂಡು ಉಂಡೇನಿ, ಹಂಗ ತಿಳಕೊಂಡು ಮಲಗೇನಿ. ಯಾರ ಮುಂದ ಹೇಳ್ಲಿ?"

ಅವ್ವನ ಮರ್ಯಾದೆಯನ್ನು ಕಾಪಾಡುತ್ತಿದ್ದೇನೆಂದು ಇಷ್ಟು ವರ್ಷ ತಾನು ಮುಚ್ಚಿಟ್ಟದ್ದು ಯಾವುದನ್ನು! ಹೆದರಿ ಹೆದರಿ ಬಚ್ಚಿಟ್ಟ ಮಾತೇ ಅವಳಿಗೆ ಬೇಕಾಗಿದ್ದ ಮಾತಾಗಿತ್ತು. ಅವನು ಅವಳ ಕುರ್ಚಿಯ ಬಳಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಅವಳು ಅಳುತ್ತಿದ್ದಳು, ಮುಖ ಮುಚ್ಚಿಕೊಳ್ಳದೆ, ಜನರ ಮುಂದೆ, ಅವಳು ಹಾಗೆ ಅತ್ತದ್ದನ್ನು ಅವನು ಅಪ್ಪ ಸತ್ತ ದಿನವೂ ಕಂಡಿರಲಿಲ್ಲ. ಡಾಕ್ಟರು ನೀರು ಕೊಟ್ಟರು. ಅವಳು ಒಂದು ಗುಟುಕು ಕುಡಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಮೇಜಿನ ಕಡೆಗೆ ಕುರ್ಚಿ ಎಳೆದುಕೊಂಡಳು.

"ಬರಕೋ ಯವ್ವಾ. ಎಲ್ಲಾ ಹೇಳ್ತೀನಿ, ನನಗ ಎಲ್ಲಾ ನೆನಪೈತಿ. ಒಳಗ ಒಯ್ಯುವಾಗ ಅವರು ನಗಾಕತ್ತಿದ್ರು. ಅಲ್ಲಿಂದ ಬರಕೋ."